ಮುಂದಿನ ಕೋಣೆಯ ಸಾಲ

ಟೈಲರಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಿಕೊಂಡೇ ಬಟ್ಟೆ ತಂದುಕೊಡುತ್ತಾರೆ, ಏಕೆಂದರೆ ಅವಳ ಅಳತೆ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳ ಅಂಗಡಿ ಎಂದರೆ ಬಾಡಿಗೆ ಮನೆಯ ಮೆಟ್ಟಿಲ ಕೆಳಗಿನ ಮೂಲೆ. ಒಂದು ಮೆಷಿನ್, ಒಂದು ಸ್ಟೂಲು, ಒಂದು ಬಲ್ಬು. ಹೊಸ ಗಿರಾಕಿಗಳು ಮೊದಲ ಸಲ ಮೆಟ್ಟಿಲಿಗೆ ತಲೆ ತಾಗಿಸಿಕೊಳ್ಳುತ್ತಾರೆ, ಎರಡನೆಯ ಸಲ ತಾವಾಗಿಯೇ ಬಗ್ಗಿ ಬರುತ್ತಾರೆ. ಅವಳು ಮಾತ್ರ ಇಷ್ಟು ವರ್ಷವೂ ಬಗ್ಗಿಯೇ ಇದ್ದಳು.

ಈಗ ಸ್ವಂತ ಮನೆ ಕಟ್ಟುವ ಕಾಲ ಬಂದಿತ್ತು. ಸೈಟು ಕೊಂಡು ಆರು ವರ್ಷವಾಗಿತ್ತು. ಇಂಜಿನಿಯರ್ ಹಾಕಿಕೊಟ್ಟ ನಕ್ಷೆಯಲ್ಲಿ ಎರಡು ಮಲಗುವ ಕೋಣೆ, ಅಡುಗೆಮನೆ, ನಡುಮನೆ, ಜೊತೆಗೆ ಬೀದಿಗೆ ಮುಖ ಮಾಡಿದ ಹತ್ತಕ್ಕೆ ಹನ್ನೆರಡು ಅಡಿಯ ಒಂದು ಕೋಣೆ. ಅದು ಅವಳದು. ಕಟಿಂಗ್ ಮೇಜು ಎಲ್ಲಿ, ಕನ್ನಡಿ ಎಲ್ಲಿ, ಎರಡನೆಯ ಮೆಷಿನ್ ಎಲ್ಲಿ ಎಂದು ಅವಳು ನಕ್ಷೆಯ ಮೇಲೆಯೇ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ಗೀಟು ಎಳೆದಿದ್ದಳು. ಇಂಜಿನಿಯರ್ ಮುಖ ಹಿಂಡಿದ. ಹಿಂಡಲಿ, ಮನೆ ಅವನದಲ್ಲವಲ್ಲ.

ತೊಡಕಾದದ್ದು ಬ್ಯಾಂಕಿನಲ್ಲಿ. ಗಂಡ ನೀರಿನ ಕಚೇರಿಯಲ್ಲಿ ಮೀಟರ್ ಓದುವವನು. ಅವನಿಗೆ ತಿಂಗಳ ಸಂಬಳದ ಚೀಟಿ ಇತ್ತು. ಅವಳಿಗೆ ಯಾವ ಚೀಟಿಯೂ ಇರಲಿಲ್ಲ. ಬ್ಯಾಂಕಿನವರು ಅವನ ಸಂಬಳವೊಂದನ್ನೇ ನೋಡಿ, ಕೇಳಿದ್ದರಲ್ಲಿ ಮುಕ್ಕಾಲು ಪಾಲು ಮಾತ್ರ ಕೊಡುತ್ತೇವೆ ಎಂದರು. ಹಾಗಾದರೆ ನಕ್ಷೆಯಲ್ಲಿ ಯಾವುದನ್ನು ಕೈಬಿಡಬೇಕು? ಗಂಡ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

“ಮುಂದಿನ ರೂಮ್ ಬಿಟ್ಬಿಡೋಣ ಕಣೇ. ಹೊಲಿಗೆ ಎಲ್ಲಿ ಕೂತ್ರೂ ಆಗುತ್ತೆ.”

“ನಿಮ್ಮ ಊಟಾನೂ ಎಲ್ಲಿ ಕೂತ್ರೂ ಆಗುತ್ತೆ. ಅಡುಗೆಮನೆ ಬಿಡೋಣ್ವಾ?”

ಅವನು ಕೆಟ್ಟವನಲ್ಲ. ಆದರೆ ಆ ಮಾತು ಅವಳಿಗೆ ಚುಚ್ಚಿತು. ಎಲ್ಲಿ ಕೂತರೂ ಆಗುವ ಕೆಲಸವಂತೆ! ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನೇ ಬ್ಯಾಂಕಿಗೆ ಹೋಗಿ, ನನ್ನ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಸಾಲದ ಆಫೀಸರ್ ಎದುರು ಕೂತಳು. ಸಂಬಳದ ಚೀಟಿ ಇಲ್ಲದವರ ಅಂಗಡಿಗೆ ಖುದ್ದಾಗಿ ಬಂದು, ನೋಡಿ, ಆದಾಯವನ್ನು ಅಂದಾಜು ಮಾಡುವ ಕ್ರಮ ಒಂದಿತ್ತು. ಗುರುವಾರ ಹನ್ನೊಂದಕ್ಕೆ ಬರುತ್ತೇನೆ ಎಂದರು ಆಫೀಸರ್.

ಇನ್ನು ಅವಳು ಮಾಡಿಕೊಂಡ ಎಡವಟ್ಟು ಕೇಳಿ. ಒಂದು ಎಳೆ ದಾರ ನೇತಾಡುತ್ತಿದ್ದರೂ ಬಟ್ಟೆಯನ್ನು ಗಿರಾಕಿಯ ಕೈಗೆ ಕೊಡದ ಹೆಂಗಸು ಅವಳು. ದೊಡ್ಡ ಮನುಷ್ಯರು ಬರುವಾಗ ಅಂಗಡಿ ಗಲೀಜಾಗಿದ್ದರೆ ಹೇಗೆ? ಗುರುವಾರ ಬೆಳಿಗ್ಗೆಯೇ ಗಿರಾಕಿಗಳ ಬಟ್ಟೆಯ ಗಂಟುಗಳನ್ನೆಲ್ಲ ಮೇಲ್ಮನೆ ಅಕ್ಕನ ಕೋಣೆಗೆ ಸಾಗಿಸಿದಳು. ಗುಡಿಸಿ, ಒರೆಸಿ, ಮೆಷಿನ್‌ಗೆ ಬಟ್ಟೆ ಹೊದಿಸಿದಳು. ಗಿರಾಕಿಗಳು ನಡುವೆ ಬಂದು ಗಲಾಟೆ ಮಾಡಬಾರದೆಂದು ‘ಇವತ್ತು ಅಂಗಡಿ ಇಲ್ಲ’ ಎಂದು ಗೇಟಿಗೆ ರಟ್ಟು ಬೇರೆ ಕಟ್ಟಿದಳು.

ಆಫೀಸರ್ ಬಂದರು, ಮೆಟ್ಟಿಲಿಗೆ ತಲೆ ತಾಗಿಸಿಕೊಂಡರು, ಸುತ್ತ ನೋಡಿದರು.

“ಕೆಲಸ ಅಷ್ಟಾಗಿ ಇಲ್ಲ ಅಂತ ಕಾಣುತ್ತೆ,” ಎಂದು ಪೆನ್ನು ತೆಗೆದರು.

ತಾನು ಗುಡಿಸಿ ಹೊರಗೆ ಹಾಕಿದ್ದು ಕಸವನ್ನಲ್ಲ, ಸಾಲವನ್ನೇ ಎಂದು ಟೈಲರಕ್ಕನಿಗೆ ಆಗ ಗೊತ್ತಾಯಿತು. “ಒಂದ್ನಿಮಿಷ ಸಾರ್!” ಎಂದವಳೇ ಮೇಲಕ್ಕೆ ಓಡಿದಳು. ರಜೆ ಹಾಕಿ ಬಂದಿದ್ದ ಗಂಡ, ಮೇಲ್ಮನೆ ಅಕ್ಕ, ಇವಳು, ಮೂವರೂ ಹನ್ನೊಂದು ಗಂಟುಗಳನ್ನು ಇಳಿಸಿದರು. ಮೂಲೆ ತುಂಬಿ ಅಂಗಳಕ್ಕೂ ಬಂತು.

ಆಫೀಸರ್ ಹುಬ್ಬೇರಿಸಿದರು. “ಕೋಪ ಮಾಡ್ಕೋಬೇಡಿ. ಹೋದ ವಾರ ಒಬ್ರು ಪಕ್ಕದ ಅಂಗಡಿ ಸಾಮಾನೆಲ್ಲ ತಂದು ಜೋಡಿಸಿದ್ರು. ಇದೆಲ್ಲ ನಿಮ್ಮ ಕೆಲಸಾನೇ ಅಂತ ಹೇಗೆ ನಂಬ್ಲಿ?”

ಕೋಪ ಬಂತು, ಬರದೆ ಇರುತ್ತದೆಯೇ? ಅವಳು ಸ್ಟೂಲನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತಳು.

“ಯಾವುದನ್ನಾದ್ರೂ ತೆಗೀರಿ ಸಾರ್. ಪಿನ್ ಹಾಕಿರೋ ಚೀಟಿ ನಿಮ್ಮ ಕೈಲಿರ್ಲಿ. ಬಟ್ಟೆ ಯಾವ್ದು ಅಂತ ಹೇಳಿ, ಮಿಕ್ಕಿದ್ದು ನಾನು ಹೇಳ್ತೀನಿ.”

“ನೀಲಿ ಪ್ಯಾಂಟು.”

“ಬೇಕರಿಯವ್ರದ್ದು. ಸೊಂಟ ಎರಡಿಂಚು ಬಿಡ್ಬೇಕು. ಮೂರು ತಿಂಗಳ ಹಿಂದೆ ಒಂದಿಂಚು ಬಿಟ್ಟಿದ್ದೆ. ಮಾರೋದಕ್ಕಿಂತ ತಿನ್ನೋದೇ ಹೆಚ್ಚು. ನಾಳೆ ಸಂಜೆ ಕೊಡ್ಬೇಕು.”

ಆಫೀಸರ್ ಚೀಟಿ ನೋಡಿದರು. ಸೊಂಟ, ಎರಡಿಂಚು, ಶುಕ್ರವಾರ.

“ಹಸಿರು ಗೌನು.”

“ಅಂಚೆ ಹಂಚ್ತಾರಲ್ಲ ಮೇಡಂ, ಅವರದ್ದು. ಚೀಲ ಹೊತ್ತೂ ಹೊತ್ತೂ ಎಡ ಭುಜ ಅರ್ಧ ಇಂಚು ತಗ್ಗಿದೆ. ಅದು ಕಾಣದ ಹಾಗೆ ಹೊಲಿದಿದೀನಿ. ಅವರಿಗೇ ಗೊತ್ತಿಲ್ಲ, ನೀವೂ ಹೇಳ್ಬೇಡಿ.”

ಒಂಬತ್ತು ಬಟ್ಟೆ ತೆಗೆದರು. ಒಂಬತ್ತಕ್ಕೂ ಯಾರದು, ಏನು ಕೆಲಸ, ಎಷ್ಟು ಕೂಲಿ ಎಂದು ಗೋಡೆಗೇ ಹೇಳಿದಳು. ಆಫೀಸರ್ ಒಂದು ಚೀಟಿಯ ನಂಬರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟರು. ಆ ಕಡೆಯ ಹೆಂಗಸು ಪ್ರಶ್ನೆ ಮುಗಿಸಲೂ ಬಿಡಲಿಲ್ಲ. “ಅಕ್ಕ ಹುಷಾರಾಗಿದಾರೆ ತಾನೆ? ಬೆಳಿಗ್ಗೆ ಬಂದ್ರೆ ಗೇಟಲ್ಲಿ ರಟ್ಟು! ಇಷ್ಟು ವರ್ಷದಲ್ಲಿ ಒಂದಿನಾನೂ ಹಾಗಾಗಿಲ್ಲ.”

ಆಫೀಸರ್ ನಕ್ಕರು. “ಮೊದಲು ಆ ರಟ್ಟು ತೆಗೀರಿ,” ಎಂದು ಅಲ್ಲೇ ಒಂದು ಗಂಟಿನ ಮೇಲೆ ಕೂತರು. ಒಂದೂವರೆ ಗಂಟೆಯಲ್ಲಿ ಹದಿನಾಲ್ಕು ಜನ ಬಂದರು. ಒಬ್ಬ ಗಿರಾಕಿಯಂತೂ ಆಫೀಸರನ್ನೇ ಹೊಸ ಕೆಲಸದವರೆಂದುಕೊಂಡು ತನ್ನ ಪ್ಯಾಂಟನ್ನು ಅವರ ಮಡಿಲಿಗೆ ಹಾಕಿ ಹೋದ. ಅವರು ಅದನ್ನೂ ಬರೆದುಕೊಂಡರು. ದಾರ, ಗುಂಡಿ, ಕರೆಂಟು, ಕೆಲಸ ಕಡಿಮೆಯಾಗುವ ತಿಂಗಳು, ಎಲ್ಲವನ್ನೂ ಕೇಳಿ ಆದಾಯದಿಂದ ಕಳೆದರು.

ಹತ್ತು ದಿನಕ್ಕೆ ಬ್ಯಾಂಕಿನಿಂದ ಕರೆ ಬಂತು. ಕೇಳಿದಷ್ಟೂ ಸಾಲ ಮಂಜೂರಾಗಿತ್ತು. ಆಫೀಸರ್ ಕಾಗದಗಳನ್ನು ಗಂಡನ ಮುಂದಿಟ್ಟರು. ಮೊದಲ ಅರ್ಜಿದಾರರು ಎಂಬಲ್ಲಿ ಹೆಂಡತಿಯ ಹೆಸರಿತ್ತು. ಅವನದು ಕೆಳಗಿನ ಸಾಲಿನಲ್ಲಿ.

“ಆದಾಯ ಜಾಸ್ತಿ ಇರೋರ ಹೆಸರು ಮೇಲೆ ಬರುತ್ತೆ,” ಎಂದರು ಆಫೀಸರ್, ಬೇರೇನೂ ಅಲ್ಲ ಎಂಬಂತೆ.

ಗಂಡ ಆ ಎರಡು ಹೆಸರುಗಳ ಪಕ್ಕದ ಆದಾಯದ ಅಂಕಿಗಳನ್ನು ಮೀಟರ್ ಓದುವವನ ಗಮನದಿಂದಲೇ ಓದಿದ. ಮತ್ತೊಮ್ಮೆ ಓದಿದ. ಮನೆ ನಡೆಯುತ್ತಿರುವುದು ತನ್ನ ಸಂಬಳದಿಂದ, ಹೆಂಡತಿಯ ಹೊಲಿಗೆ ಕೈಖರ್ಚಿಗೆ ಎಂದು ಇಪ್ಪತ್ತೆರಡು ವರ್ಷ ನಂಬಿದ್ದವನು ಅವನು. ಮುಖ ಸಣ್ಣದಾಯಿತು, ಕಣ್ಣು ತೇವವಾಯಿತು.

“ಆ ರೂಮ್ ಬಿಡೋಣ ಅಂದಿದ್ದು ನಾನು. ನನ್ನದು ತಪ್ಪಾಯ್ತು ಕಣೇ,” ಎಂದ, ಆಫೀಸರ್ ಎದುರಿಗೇ.

ಅವಳಿಗೆ ಖುಷಿಯಾಯಿತು. ಆದರೆ ಎದುರಿಗೆ ಪೆನ್ನಿತ್ತು. ಮೊದಲ ಸಾಲಿನಲ್ಲಿ ತನ್ನ ಸಹಿ ಹಾಕಿ, ಕಾಗದವನ್ನು ಅವನ ಕಡೆ ತಳ್ಳಿದಳು.

“ಸರಿ, ಈಗ ಸೈನ್ ಹಾಕಿ ಬನ್ನಿ. ಮೂರು ಗಂಟೆಗೆ ನಲವತ್ತು ಯೂನಿಫಾರ್ಮ್ ಕೊಡ್ಬೇಕು.”