ಜಿ-ಎಚ್-ಟಿ ಪಾಠ

ನಮ್ಮಕ್ಕ ಇಂಗ್ಲಿಷ್ ಟ್ಯೂಷನ್ ಹೇಳಿಯೇ ಮಗಳನ್ನು ಸಾಕಿದವಳು. ಭಾವ ತೀರಿಕೊಂಡಾಗ ಆ ಮಗು ಇನ್ನೂ ತೊದಲುತ್ತಿತ್ತು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಮೂರು ಬೆಂಚು ಹಾಕಿಸಿ, ಗೋಡೆಗೆ ಕಪ್ಪು ಬಣ್ಣ ಬಳಿದು ಪಾಠ ಶುರು ಮಾಡಿದಳು. ನಾನು ಒಳಗೆ ಹೊಲಿಗೆ ಮಷೀನ್ ತುಳಿಯುತ್ತಾ ಕಿವಿಗೆ ಬಿದ್ದಷ್ಟು ಇಂಗ್ಲಿಷ್ ಕಲಿತೆ.

ಪುಸ್ತಕದ ಕ್ರಮ ಅವಳಿಗೆ ಆಗಿಬರುತ್ತಿರಲಿಲ್ಲ. ಅಕ್ಷರ ನೋಡಿ ಪದಗಳ ಗುಂಪು ಕಟ್ಟುತ್ತಿದ್ದಳು. ಅದರಲ್ಲೂ ಜಿ, ಎಚ್, ಟಿ ಒಟ್ಟಿಗೆ ಬರುವ ಪದಗಳೆಂದರೆ ಪ್ರಾಣ. ಲೈಟ್ ಅಂದರೆ ಬೆಳಕು, ನೈಟ್ ಅಂದರೆ ರಾತ್ರಿ, ಹೈಟ್ ಅಂದರೆ ಎತ್ತರ, ಥಾಟ್ ಅಂದರೆ ಯೋಚನೆ, ನಾಟಿ ಅಂದರೆ ತುಂಟ, ಡಾಟರ್ ಅಂದರೆ ಮಗಳು. "ಜಿ, ಎಚ್ ಇಬ್ರೂ ಬಂದು ಕೂತಿರ್ತಾರೆ, ಬಾಯಿ ಮಾತ್ರ ಬಿಡಲ್ಲ. ಮಾತಾಡಲ್ಲ ಅಂತ ಆಚೆ ಕಳ್ಸಿದ್ರೆ ಪದಾನೇ ಕೆಟ್ಟೋಗುತ್ತೆ" ಅನ್ನುತ್ತಿದ್ದಳು. ಒಂದು ದಿನವಾದರೂ ಹಾಗೆ ಬಾಯಿ ಮುಚ್ಚಿ ಕೂತವಳಲ್ಲ ನಮ್ಮಕ್ಕ, ಆ ಮಾತು ಬೇರೆ.

ಅವಳು ಒಂದು ಪದ ಕೇಳಿದರೆ ಯಾವುದಾದರೊಂದು ಮಗು ಎದ್ದು ನಿಂತು ಅರ್ಥ ಹೇಳಬೇಕು, ಆಮೇಲೆ ವಾಕ್ಯ ಮಾಡಬೇಕು. ಸರಿ-ತಪ್ಪು ಅವಳು ಹೇಳುತ್ತಿರಲಿಲ್ಲ. ಉಳಿದ ಮಕ್ಕಳ ಕಡೆ ತಿರುಗಿ "ಏನ್ರಪ್ಪಾ, ಸರೀನಾ?" ಎಂದು ಕೇಳುತ್ತಿದ್ದಳು. ಅವರು ಅಂದದ್ದೇ ತೀರ್ಪು. ಹಾಗೆ ಮಾಡಿದರೆ ಯಾರೂ ತೂಕಡಿಸುವುದಿಲ್ಲ ಎನ್ನುವುದು ಅವಳ ಲೆಕ್ಕ.

ಹೋದ ವರ್ಷ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದಳು. ಮನೆಗೆ ಬರುವಷ್ಟರಲ್ಲಿ ಕೈಕಾಲು ನೆಟ್ಟಗಾಗಿದ್ದವು, ಆದರೆ ಯಾರ ಮುಖವೂ ಗುರುತಿಲ್ಲ. ನನ್ನನ್ನು ಕೆಲಸದವಳು ಅಂದುಕೊಂಡಳು. ನಾನು ಮಾಡುತ್ತಿದ್ದದ್ದೂ ಅದನ್ನೇ, ಹಾಗಾಗಿ ಬೇಜಾರಿಲ್ಲ. ಆದರೆ ಮಗಳನ್ನು "ಹೊಸ ಹುಡುಗಿ" ಎಂದು ಕರೆದಾಗ ನಾನು ಅಲ್ಲಿ ನಿಲ್ಲಲಾರದೆ ಅಡುಗೆಮನೆಗೆ ಹೋದೆ. ಆ ಹುಡುಗಿ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು ಬಂದು, ಅಮ್ಮನಿಗೆ ತಲೆ ಬಾಚಿ, ತುತ್ತು ಕೊಟ್ಟು, "ನಾನ್ಯಾರು ಹೇಳಮ್ಮ" ಎಂದು ಕೇಳುವಳು. ಅಕ್ಕ ಮರ್ಯಾದೆಯಿಂದ ನಗುವಳು. ಒಂದೇ ಒಂದು ಸಲ ಮಗಳೇ ಅನ್ನಲಿ ಎಂದು ಆ ಹುಡುಗಿ ಬಾಯಿ ಬಾಯಿ ಬಿಡುತ್ತಿದ್ದಳು.

ಟ್ಯೂಷನ್ ಮಕ್ಕಳು ಬೇರೆ ಕಡೆ ಹೋದರು. ಅಕ್ಕ ಮಾತ್ರ ಸಂಜೆಯಾಗುತ್ತಲೇ ಸೀಮೆಸುಣ್ಣ ಹಿಡಿದು ನಿಲ್ಲುವಳು. ಖಾಲಿ ಬೆಂಚುಗಳಿಗೆ "ಲೈಟ್?" ಎಂದು ಕೇಳಿ, ಕಾದು, "ಸರೀನಾ?" ಎಂದು ಉಳಿದ ಬೆಂಚುಗಳ ಕಡೆ ತಿರುಗಿ, ಮತ್ತೆ ಕಾದು, ತಲೆಯಾಡಿಸುವಳು. "ಫೀಸು ಕೊಡೋರು ಒಬ್ರೂ ಇಲ್ಲ, ಪಾಠ ಮಾತ್ರ ಜೋರು" ಎಂದು ನಾನು ರೇಗಿಸುತ್ತಿದ್ದೆ.

ಒಂದು ದಿನ ತಪಾಸಣೆಗೆ ಹೋದಾಗ ಆಸ್ಪತ್ರೆಯಲ್ಲಿ ಡಾಕ್ಟರು ಥಾಟ್ ಎಂಬ ಪದ ತೋರಿಸಿ ಅರ್ಥ ಕೇಳಿದರು. ಅಕ್ಕನಿಗೆ ಎಷ್ಟು ತಿಣುಕಿದರೂ ಬರಲಿಲ್ಲ. ಸಂಜೆ ಅಕ್ಕ ಅದೇ ಪದ ಬರೆದು, ಎರಡನೇ ಬೆಂಚಿನ ಹತ್ತಿರ ಹೋಗಿ, ಬಗ್ಗಿ ಕಿವಿ ಕೊಟ್ಟಳು. ಎದ್ದು ಬಂದು "ಯೋಚನೆ" ಎಂದಳು.

"ಯಾರಕ್ಕ ಹೇಳ್ಕೊಟ್ಟಿದ್ದು?"

"ಅದು ಚೂಟಿ. ಮೆಲ್ಲಗೆ ಮಾತಾಡುತ್ತೆ ಅಷ್ಟೆ."

ಅಂದಿನಿಂದ ರೇಗಿಸುವುದು ಬಿಟ್ಟೆ. ನಿಜ ಹೇಳುತ್ತೇನೆ, ಆ ಬೆಂಚು ಒರೆಸುವಾಗ ಸ್ವಲ್ಪ ಜಾಗ ಬಿಟ್ಟೇ ಒರೆಸುತ್ತಿದ್ದೆ.

ಇದನ್ನು ಕೇಳಿ ಮಗಳ ಮುಖ ಅರಳಿತು. "ಚಿಕ್ಕಮ್ಮ, ಪಾಠದಲ್ಲಾದ್ರೆ ಅಮ್ಮಂಗೆ ಎಲ್ಲಾ ವಾಪಸ್ ಬರುತ್ತೆ. ನಾನೂ ಹೋಗಿ ಕೂತ್ಕೋತೀನಿ. ಡಾಟರ್ ಪದ ಬಂದಾಗ ನೋಡೋಣ" ಎಂದಳು. ಬೇಡ ಅನ್ನುವಷ್ಟು ಗಟ್ಟಿ ಮನಸ್ಸು ನನಗಿರಲಿಲ್ಲ.

ಮರುದಿನ ರಜಾ ಹಾಕಿ ಎರಡನೇ ಬೆಂಚಿನಲ್ಲಿ ಕೂರಲು ಹೋದಳು. "ಅಲ್ಲಲ್ಲ, ಅಲ್ಲಿದ್ದಾರೆ" ಎಂದು ಅಕ್ಕ ತಡೆದಳು. ಕೊನೆಯ ಬೆಂಚನ್ನು ಒಮ್ಮೆ ನೋಡಿ, "ಸ್ವಲ್ಪ ಒತ್ತರಿಸ್ಕೊಳ್ರೋ" ಎಂದು ಅವಳನ್ನು ತುದಿಯಲ್ಲಿ ಕೂರಿಸಿದಳು. ಲೈಟ್ ಆಯಿತು, ನೈಟ್ ಆಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಹೊರಗೆ ಬೀದಿಯಲ್ಲಿ ಗಾಡಿಗಳು ಎಂದಿನಂತೆ ಓಡಾಡುತ್ತಿದ್ದವು.

"ಹೊಸ ಹುಡುಗಿ ಹೇಳ್ಲಿ. ಡಾಟರ್?"

ಅವಳು ಎದ್ದು ನಿಂತಳು. "ಮಗಳು."

"ವಾಕ್ಯ ಮಾಡು."

"ಐ ಆಮ್ ಯುವರ್ ಡಾಟರ್." ಕನ್ನಡದಲ್ಲೂ ಹೇಳಿದಳು. "ನಾನು ನಿನ್ನ ಮಗಳು ಕಣಮ್ಮ."

ಅಕ್ಕ ಅವಳನ್ನೇ ದಿಟ್ಟಿಸಿದಳು. ಕಣ್ಣಿನಲ್ಲಿ ಏನೋ ಹೊಳೆದಂತಾಯಿತು, ತುಟಿ ಅಲುಗಿತು. ಬಂತು ಅಂದುಕೊಂಡೆ. ಆದರೆ ಅವಳು ಬೆಂಚುಗಳ ಕಡೆ ತಿರುಗಿ "ಏನ್ರಪ್ಪಾ, ಸರೀನಾ?" ಎಂದಳು. ಕೇಳಿಸಿಕೊಂಡಳು. ತುಂಬ ಹೊತ್ತು ಕೇಳಿಸಿಕೊಂಡಳು.

"ತಪ್ಪಂತಮ್ಮ" ಎಂದಳು.

ಮಗಳು ಮುಖ ಮುಚ್ಚಿಕೊಂಡು ಅತ್ತಳು. ಅಕ್ಕ ಹತ್ತಿರ ಬಂದು ಸೀಮೆಸುಣ್ಣದ ಕೈಯಲ್ಲೇ ಅವಳ ಕೆನ್ನೆ ಒರೆಸಿದಳು. "ಅಳಬಾರ್ದು. ನಿಮ್ಮಮ್ಮ ಬಂದು ಕರ್ಕೊಂಡು ಹೋಗೋವರೆಗೂ ಇಲ್ಲೇ ಕೂತಿರು. ನೋಡು, ಇವರ ಅಮ್ಮಂದಿರೂ ಇನ್ನೂ ಬಂದಿಲ್ಲ."

ಮಗಳು ಪಕ್ಕದ ಖಾಲಿ ಜಾಗವನ್ನು ನೋಡಿದಳು. ಆಮೇಲೆ ಬೆಂಚಿನ ಇನ್ನಷ್ಟು ತುದಿಗೆ ಸರಿದು ಜಾಗ ಬಿಟ್ಟು, ಕೈಕಟ್ಟಿ ಕೂತಳು.