ಮಾಳಿಗೆಯ ಮೇಲೊಂದು ಬೀರಿನ ನಳ

ಬೀರು ಬಿಸಿಯಾಗುವುದು ಬಿಸಿಲಿಗೆ ಎಂದು ಬಹಳ ಜನ ನಂಬಿದ್ದಾರೆ. ನನಗೆ ಆ ನಂಬಿಕೆ ಇಲ್ಲ. ನಮ್ಮ ಶಹಾಪುರದಲ್ಲಿ ಬೀರು ಬಿಸಿಯಾಗುವುದು ಮಾತಿಗೆ.

ಅಂಗಡಿಯವನು ಕೈಗೆ ಕೊಡುವಾಗ ಬಾಟಲಿಯ ಮೈಮೇಲೆ ಹನಿಗಳಿರುತ್ತವೆ. ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕರಿ ಚೀಲದಲ್ಲಿಟ್ಟುಕೊಂಡು ಹೊರಟರೆ ನಮ್ಮ ಮನೆಯೇನು ದೂರವಲ್ಲ. ಆದರೆ ಮೊದಲ ತಿರುವಿನಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರು ನಿಂತಿರುತ್ತಾರೆ. ಸುರಪುರದ ಬಸ್ಸು ತಡವಾಯಿತೇ, ಸಂಘದ ಕಚೇರಿಯಲ್ಲಿ ನನ್ನ ಕೆಲಸ ಹೇಗಿದೆ, ಕಾಲುವೆಗೆ ನೀರು ಬಿಟ್ಟರಂತೆ ಹೌದೇ ಎಂದು ಒಂದೊಂದಾಗಿ ವಿಚಾರಿಸುತ್ತಾರೆ. ಮುಂದಿನ ತಿರುವಿನಲ್ಲಿ ದೊಡ್ಡಪ್ಪ ಇರುತ್ತಾನೆ. ಚೀಲದಲ್ಲಿ ಏನಿದೆ ಎಂದು ಇಬ್ಬರೂ ಕೇಳುವುದಿಲ್ಲ. ಗೊತ್ತಿರುವುದರಿಂದಲೇ ಕೇಳುವುದಿಲ್ಲ, ಗೊತ್ತಿರುವುದರಿಂದಲೇ ಇನ್ನಷ್ಟು ಹೊತ್ತು ನಿಲ್ಲಿಸಿಕೊಳ್ಳುತ್ತಾರೆ. ನಾನು ಎಲ್ಲವನ್ನೂ ಡೈರಿಯಲ್ಲಿ ಗುರುತಿಸಿಡುವ ಸ್ವಭಾವದವನು. ಮಾಸ್ತರರ ಮಾತಿಗೆ ಬೀರು ಎಷ್ಟು ಬಿಸಿಯಾಗುತ್ತದೆ, ದೊಡ್ಡಪ್ಪನ ಮಾತಿಗೆ ಎಷ್ಟು ಎಂಬ ದಾಖಲೆ ನನ್ನಲ್ಲಿದೆ. ದೊಡ್ಡಪ್ಪನದೇ ಹೆಚ್ಚು.

ಇದನ್ನು ಹೀಗೇ ಸಹಿಸಿಕೊಂಡು ಹೋಗುತ್ತಿದ್ದೆನೋ ಏನೋ. ಆದರೆ ಬೇಸಿಗೆಯ ಆರಂಭದ ಒಂದು ಭಾನುವಾರ ನನ್ನ ಅಕ್ಕನ ಗಂಡ ಶರಣಪ್ಪ ಮಾಮಾ ಬಂದರು. ಮಾಮಾ ಯಾದಗಿರಿಯವರು. ಅಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದಾರೆ. ನಾನು ಮಾಮಾ ಎಂದರೆ ಅವರು ನಮ್ಮ ಕಡೆಯ ರೂಢಿಯಂತೆ ನನ್ನನ್ನು ಅಳಿಯಾ ಎನ್ನುತ್ತಾರೆ. ಯಾದಗಿರಿಗೆ ರೈಲು ಬರುತ್ತದೆ, ಶಹಾಪುರಕ್ಕೆ ಬರುವುದಿಲ್ಲ ಎಂಬ ಒಂದೇ ಸಂಗತಿಯ ಆಧಾರದ ಮೇಲೆ ಅವರು ನಮ್ಮ ಊರನ್ನು ಮದುವೆಯಾದಂದಿನಿಂದ ಕೀಳಾಗಿ ನೋಡುತ್ತ ಬಂದಿದ್ದಾರೆ. ಮಾಳಿಗೆಯ ಮೇಲಿನ ನನ್ನ ಕೋಣೆಯಲ್ಲಿ ಕೂತು ಒಂದು ಗುಟುಕು ಕುಡಿದು ಗ್ಲಾಸನ್ನು ಕೆಳಗಿಟ್ಟರು.

"ಅಳಿಯಾ, ಇದನ್ನ ಸ್ಟೋದ ಮ್ಯಾಲ ಕಾಸಿ ತಂದ್ಯೇನು?"

"ಬಿಸಲು ಭಾಳ ಅದ ಮಾಮಾ."

"ಬಿಸಲು ನಮ್ಮಲ್ಲೂ ಅದ. ನಮ್ಮಲ್ಲಿ ಹಿಂಗ ಚಹಾ ಮಾಡಿ ಕೊಡಂಗಿಲ್ಲ."

ನನಗೆ ಎಲ್ಲಿಂದ ಆ ಮಾತು ಬಂತೋ ತಿಳಿಯದು. "ಮುಂದಿನ ಸಲ ಬರ್ರಿ ಮಾಮಾ. ಬಾಟ್ಲಿಗೀಟ್ಲಿ ಇಲ್ಲ. ನಳ ತಿರುವಿ ತಣ್ಣಂದು ಬಿಡ್ತೀನಿ" ಅಂದೆ.

ಮಾಮಾ ಗ್ಲಾಸನ್ನು ಇನ್ನಷ್ಟು ಆಚೆ ಸರಿಸಿದರು. "ನಿಮ್ಮೂರಾಗ ನಳದಾಗ ನೀರಽ ಬರಂಗಿಲ್ಲ. ಬೀರ್ ಬರ್ತದಂತ."

ಈ ಮಾತು ನಿಜವಾಗಿತ್ತು. ಕಾಲುವೆಯ ನೀರು ಗದ್ದೆಗಳಿಗೆ ಹೋಗುವ ಭರದಲ್ಲಿ ನಮ್ಮ ಬೀದಿಯ ನಳಗಳನ್ನು ಮಾತಾಡಿಸುವುದನ್ನು ಆಗಾಗ ಮರೆಯುತ್ತದೆ. ಆದರೆ ನಿಜ ಹೇಳಿದವರನ್ನು ಸುಮ್ಮನೆ ಬಿಡಲಿಕ್ಕಾಗುತ್ತದೆಯೇ? ಮಾಮಾ ಮತ್ತೆ ಬರುವುದರೊಳಗೆ ನನ್ನ ಮಾಳಿಗೆಯ ಮೇಲೆ ಬೀರಿನ ನಳ ಇರಬೇಕು, ಯಾದಗಿರಿ ತನ್ನ ಬಾಯಿಂದಲೇ ಶಹಾಪುರವನ್ನು ಹೊಗಳಬೇಕು ಎಂದು ಅಂದೇ ನಿರ್ಧರಿಸಿದೆ.

ದೂರದ ದೇಶಗಳಲ್ಲಿ ಜನ ಐಸ್‌ಕ್ರೀಮಿನ ದೊಡ್ಡ ಪೆಟ್ಟಿಗೆಯೊಳಗೆ ಬೀರಿನ ಪೀಪಾಯಿ ಇಟ್ಟು, ಹೊರಗೆ ನಳ ಕೂರಿಸಿ ಮನೆಯಲ್ಲೇ ಕುಡಿಯುವುದನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಅಂಥ ಪೆಟ್ಟಿಗೆಯೊಂದು ಹುಣಸಗಿಯಲ್ಲಿ ಸಿಕ್ಕಿತು. ಅಲ್ಲಿಯ ಅಂಗಡಿಯವರು ಐಸ್‌ಕ್ರೀಮು ಬಿಟ್ಟು ಗೊಬ್ಬರ, ಔಷಧಿಯ ವ್ಯಾಪಾರಕ್ಕೆ ಇಳಿದಿದ್ದರು. ಸುತ್ತಲೂ ಭತ್ತದ ಗದ್ದೆ ಇರುವಲ್ಲಿ ಮನುಷ್ಯರಿಗಿಂತ ಬೆಳೆಯ ನಾಲಿಗೆಗೇ ಬೇಡಿಕೆ ಹೆಚ್ಚು. ಪೆಟ್ಟಿಗೆಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಹೊರಟೆವು. ಸ್ವಲ್ಪ ದೂರ ಬರುವಷ್ಟರಲ್ಲಿ ಡ್ರೈವರು ಜನರನ್ನು ಹತ್ತಿಸಿಕೊಳ್ಳಲು ಶುರುಮಾಡಿದ. ಬುಟ್ಟಿ ಹಿಡಿದ ಮುದುಕಿಯೊಬ್ಬಳು ನೇರವಾಗಿ ನನ್ನ ಪೆಟ್ಟಿಗೆಯ ಮೇಲೆ ಕೂತಳು.

"ಏನೋ ಯಪ್ಪಾ ಇದು, ಮದಿವಿ ಟ್ರಂಕೇನು?"

"ಅಲ್ಲಬೇ, ತಂಪು ಮಾಡೋ ಪೆಟ್ಟಿಗಿ."

"ಮತ್ತ ಕುಂತಲ್ಲೆ ಸುಡಾಕತ್ತದಲ್ಲೋ" ಅಂದಳು ಆಕೆ. ಇಳಿಯಲಿಲ್ಲ ಮಾತ್ರ. ಸುರಪುರದವರೆಗೂ ಅಲ್ಲೇ ಕೂತು ಬಂದಳು.

ನನ್ನ ಶಾಲೆಯ ಗೆಳೆಯ ಖಾಜಾ ಫ್ರಿಜ್ಜು, ಕೂಲರು ರಿಪೇರಿ ಮಾಡುತ್ತಾನೆ. ಪೆಟ್ಟಿಗೆಯ ಪಕ್ಕಕ್ಕೆ ಡ್ರಿಲ್ ಹಚ್ಚಿ ನಳ ಕೂರಿಸೋಣ ಎಂದ ನನ್ನನ್ನು ಅವನು ತಡೆದ. ಗೋಡೆಯೊಳಗೆಲ್ಲ ಗ್ಯಾಸಿನ ಕೊಳವೆಗಳು ಓಡಾಡಿರುತ್ತವಂತೆ, ಒಂದಕ್ಕೆ ತೂತು ಬಿದ್ದರೂ ಪೆಟ್ಟಿಗೆ ಬರೀ ಕಪಾಟು ಆಗುತ್ತದಂತೆ. ಅದಕ್ಕೆ ಉಪಾಯವೆಂದರೆ ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಒಂದು ಗೇಣು ಎತ್ತರದ ಕಟ್ಟಿಗೆಯ ಚೌಕಟ್ಟು ಕೂರಿಸಿ, ನಳಗಳನ್ನು ಆ ಕಟ್ಟಿಗೆಗೆ ಹಾಕುವುದು. ಇಲ್ಲಿಯವರೆಗೆ ಖಾಜಾ ಹೇಳಿದ್ದೆಲ್ಲ ಸರಿ ಇತ್ತು. ಆಮೇಲೆ, ಕೆಳಗಿನ ಬೀರು ಮೇಲಿನ ನಳಕ್ಕೆ ಹತ್ತುವುದು ಹೇಗೆ ಎಂದು ಕೇಳಿದೆ.

"ಲೇ ಬಸ್ಯಾ, ಕೂಲರ್ ಪಂಪ್ ಅದಲ್ಲ. ನೀರು ಎತ್ತತದ, ಬೀರು ಎತ್ತಂಗಿಲ್ಲೇನು?"

ಹೊರದೇಶದವರು ಇದಕ್ಕೆಲ್ಲ ಗ್ಯಾಸಿನ ಒತ್ತಡ, ಮೀಟರು, ಮಣ್ಣುಮಸಿ ಎಂದು ಒದ್ದಾಡುತ್ತಾರೆ. ಪಾಪ, ಅವರ ಮನೆಗಳಲ್ಲಿ ಕೂಲರು ಇಲ್ಲ ಎಂದು ನಾವಿಬ್ಬರೂ ಮರುಗಿದೆವು. ನಮ್ಮ ಸೀಮೆಯಲ್ಲಿ ಕೂಲರಿನ ಪಂಪು ಇಲ್ಲದ ಮನೆ ಇಲ್ಲ. ಅದು ಮಾಡಲಾರದ ಕೆಲಸವೂ ಇಲ್ಲ ಎಂಬುದು ನಮ್ಮ ಭಾವನೆ. ಹಾಲಿನ ಎರಡು ಸ್ಟೀಲ್ ಕ್ಯಾನು ತಂದು, ಒಂದೊಂದಕ್ಕೆ ಒಂದೊಂದು ಹೊಸ ಪಂಪು ಇಳಿಬಿಟ್ಟೆವು. ಮೊದಲ ಪರೀಕ್ಷೆಗೆ ನೀರು ತುಂಬಿದೆವು. ಮರುದಿನ ನೋಡಿದರೆ ಎರಡೂ ಪಂಪುಗಳು ಬರ್ಫದೊಳಗೆ ಸಿಕ್ಕಿಕೊಂಡು ಹಳೆಯ ಕಾಲದ ಪ್ರಾಣಿಗಳಂತೆ ನಮ್ಮನ್ನು ನೋಡುತ್ತಿದ್ದವು. ಹೆಪ್ಪುಗಟ್ಟಿಸುವುದೇ ಆ ಪೆಟ್ಟಿಗೆಯ ಹುಟ್ಟುಗುಣ. ಸಾಕೆನಿಸುವಷ್ಟು ತಂಪಾದ ಕೂಡಲೇ ಕರೆಂಟು ಕಡಿಯುವ ಯಂತ್ರವೊಂದನ್ನು ಖಾಜಾ ಜೋಡಿಸಿದ ಮೇಲೆ ಅದಕ್ಕೆ ಬುದ್ಧಿ ಬಂತು.

ನಮ್ಮ ಮುತ್ಯಾನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಆಗ ಈಚಲ ಮರದ ಸೇಂದಿ ಬೆಳಗಿನ ತಂಪಿನಲ್ಲೇ ಗಡಿಗೆಯಲ್ಲಿ ಇಳಿಯುತ್ತಿತ್ತು. ಕುಡಿಯುವವನು ಮರದ ಬಳಿಗೆ ಹೋಗುತ್ತಿದ್ದ, ಮರ ಅವನ ಮಾಳಿಗೆಗೆ ಬರುತ್ತಿರಲಿಲ್ಲ. ಮನುಷ್ಯ ಕೂತಲ್ಲಿಗೇ ಎಲ್ಲವೂ ಬರಬೇಕು ಎಂದು ಹಟ ಹಿಡಿದಾಗಲೇ ಕೊಳವೆ, ಪಂಪು, ಭಾವಮೈದುನರ ಪೈಪೋಟಿ ಎಲ್ಲ ಶುರುವಾದದ್ದು.

ಚೌಕಟ್ಟಿಗೆ ಮೌನಪ್ಪ ಕಾಕಾನನ್ನು ಹಿಡಿದೆ. ನಮ್ಮ ಮನೆಯ ಬಾಗಿಲು, ಕಿಟಕಿಗಳನ್ನೆಲ್ಲ ಮಾಡಿದ ಬಡಿಗ ಅವನು. ಬೇವಿನ ಕಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಮಾಡಿ, ಮಾಳಿಗೆಯ ಮೇಲೆ ತಂದು, ಪೆಟ್ಟಿಗೆಯ ಮುಂದೆ ಗೋಡೆಗೆ ಆನಿಸಿಟ್ಟು ಸುಮ್ಮನೆ ಕೂತುಬಿಟ್ಟ.

"ಯಾಕ ಕಾಕಾ, ಕೂಡ್ಸಲ್ಲೇನು?"

"ಕಾಯಿ ತರಸು ತಮ್ಮಾ."

"ಇದಕ್ಕ ಯಾಕ ಕಾಯಿ?"

"ಚೌಕಟ್ಟು ಹೌದಲ್ಲೋ. ನಾ ಇಲ್ಲೀಮಟ ಪೂಜಿ ಇಲ್ದ ಒಂದು ಚೌಕಟ್ಟೂ ನಿಲ್ಲಿಸಿಲ್ಲ. ನಿನ್ನದಕ್ಕ ನಿಲ್ಸಿದ್ರ ನಾಳಿ ಯಾರರ ಕೇಳಿದ್ರ ಏನ್ ಹೇಳ್ಲಿ?"

"ಬಾಗಲ ಚೌಕಟ್ಟು ಅಂದ್ರ ಮನಷ್ಯಾರು ಹೋಗಿ ಬರ್ತಾರ. ಇದರಾಗ ಯಾರು ಬರ್ತಾರ?"

ಕಾಕಾ ನಳದ ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿ ಹೇಳಿದ: "ಯಾರೂ ಬರದಿದ್ರ ತೂತು ಯಾಕ ಹಾಕ್ಸಿದಿ?"

ಕಾಯಿಯ ಸುದ್ದಿ ಕೆಳಗೆ ಅಡುಗೆಮನೆಗೆ ಹೋಯಿತು. ಅವ್ವ ತಟ್ಟೆ ಹಿಡಿದು ಮೇಲೆ ಬಂದಳು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಬೀರಿಗೆ ಹೆಸರಿಲ್ಲ. ಅದನ್ನು 'ಅದು' ಎನ್ನುತ್ತಾರೆ. ಅವ್ವನಿಗೆ ಅದು ಮಾಳಿಗೆಯ ಮೇಲೆ ಇರುವುದು ಗೊತ್ತು, ಅವಳಿಗೆ ಗೊತ್ತಿರುವುದು ನನಗೆ ಗೊತ್ತು, ಇಬ್ಬರೂ ಅದರ ಸುತ್ತ ಬಳಸಿಕೊಂಡು ಓಡಾಡುತ್ತೇವೆ. ಚೌಕಟ್ಟಿಗೆ ಅರಿಶಿನ, ಕುಂಕುಮ ಹಚ್ಚಿ, ರವಿಕೆಯ ಖಣ ಏರಿಸಿ, ಕಾಯಿ ಒಡೆದು ಮುಗಿಯಿತು. ಕಾಕಾ ಚೌಕಟ್ಟು ಕೂರಿಸಿದ. ಹಳದಿ ಕೆಂಪು ಬಳಿದುಕೊಂಡು ನನ್ನ ಬೀರಿನ ಪೆಟ್ಟಿಗೆ ಗೃಹಪ್ರವೇಶದ ಮನೆಯಂತೆ ನಿಂತಿತು. ಆಗ ಅವ್ವ ಹೇಳಿದಳು:

"ಬಸು, ಪೂಜಿ ಆದ ಚೌಕಟ್ಟಿನಾಗ ಅದನ್ನ ಹಾಕಬ್ಯಾಡಪ್ಪಾ."

ಮತ್ತೆ ಬರುತ್ತೇನೆಂದು ಮಾಮಾ ಆಗಲೇ ಫೋನಿನಲ್ಲಿ ತಿಳಿಸಿದ್ದರು. ಮಾಮಾ ಬರುವ ಭಾನುವಾರಕ್ಕೆ ಒಂದೇ ವಾರ ಇತ್ತು.

"ಅವ್ವಾ, ಅದರ ಅಂಗಡಿಗೂ ಚೌಕಟ್ಟು ಅದ. ಅವರೂ ಪೂಜಿ ಮಾಡ್ತಾರ. ದಸರಾಕ್ಕ ಕುಂಬಳಕಾಯಿನೂ ಒಡಿತಾರ."

"ಅದು ಅಂಗಡಿ. ಇದು ಮನಿ."

ವಕೀಲರಿಗೂ ಇದಕ್ಕಿಂತ ಚಿಕ್ಕ ವಾದ ಹೊಳೆಯಲಾರದು. ಅವ್ವನೊಂದಿಗೆ ರಾಜಿಯಾಗಲು ನನಗೆ ಮೂರು ದಿನ ಹಿಡಿಯಿತು. ಕೊನೆಗೆ ಅವಳೇ ದಾರಿ ತೋರಿಸಿದಳು. ಹೊಸ ಮನೆಗೆ ಹೋದವರು ಮೊದಲು ಹಾಲು ಉಕ್ಕಿಸುತ್ತಾರೆ. ಆಮೇಲೆ ಒಳಗೆ ಏನು ಬೇಯಿಸುತ್ತಾರೆ ಎಂದು ಯಾರೂ ಬಂದು ನೋಡುವುದಿಲ್ಲ. ಹಾಗೆಯೇ ಈ ಪೆಟ್ಟಿಗೆಯಲ್ಲಿ ಮೊದಲು ಮಜ್ಜಿಗೆ ಹರಿಯಬೇಕು. ಓಣಿಯವರಿಗೆಲ್ಲ ಕೊಡಬೇಕು. ಆಮೇಲೆ ನಾನುಂಟು, ಅದುಂಟು. ಒಂದು ನಳಕ್ಕೆ ಮಜ್ಜಿಗೆ, ಇನ್ನೊಂದು ನಳ ನನಗೆ ಎಂದು ನಾನು ಸೂಚಿಸಿದೆ.

"ಒಂದಕ್ಕ ಮಾಡಿ ಇನ್ನೊಂದಕ್ಕ ಬಿಟ್ರ ಹೆಂಗ?" ಅಂದಳು ಅವ್ವ.

ಶನಿವಾರ ಎರಡೂ ಕ್ಯಾನಿನಲ್ಲಿ ಮಜ್ಜಿಗೆ ತುಂಬಿತು. ಬರೀ ಮಜ್ಜಿಗೆಯಾಗಿದ್ದರೆ ಚಿಂತೆ ಇರಲಿಲ್ಲ. ಅವ್ವ ಜೀರಿಗೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟಿದ್ದಳು. ನಳ ತಿರುವಿ ಪಂಪಿನ ಗುಂಡಿ ಒತ್ತಿದರೆ, ಏನು ಹೇಳಲಿ, ಹೊಸದಾಗಿ ಕಡೆದಂತೆ ನೊರೆ ಎದ್ದು ಗ್ಲಾಸು ತುಂಬುತ್ತಿತ್ತು. ಮಾಸ್ತರರು ಬಂದರು, ದೊಡ್ಡಪ್ಪ ಎರಡು ಸಲ ಬಂದ. ಖಾಜಾ ಗೋಡೆಗೆ ಒರಗಿ ನಿಂತು ತನ್ನ ಪಂಪಿನ ಪ್ರತಾಪ ನೋಡುತ್ತಿದ್ದ. ಆ ನೊರೆಯನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ಆಗ ತಾಪಮಾನ ಬರೆದುಕೊಳ್ಳುತ್ತಿದ್ದೆ. ತಾಪಮಾನ ಅತ್ಯುತ್ತಮವಾಗಿತ್ತು.

ಭಾನುವಾರ ಬೆಳಿಗ್ಗೆ ಕ್ಯಾನು, ಪಂಪು, ಕೊಳವೆಗಳನ್ನು ಬಿಸಿನೀರು, ಸೋಡಾಪುಡಿ, ನಿಂಬೆಹಣ್ಣು ಹಾಕಿ ತೊಳೆದೆ. ಮೂಗಿಟ್ಟು ನೋಡಿದೆ. ಮತ್ತೆ ತೊಳೆದೆ. ಕೊಳವೆಯೊಳಗೆ ಎಲ್ಲೋ ಒಂದು ಕಡೆ ಬೆಳ್ಳುಳ್ಳಿ ಮನೆ ಮಾಡಿಕೊಂಡು ಕೂತಿತ್ತು, ಬಾಡಿಗೆಯವರಂತೆ, ಬಿಡಿಸಲು ಬರುವಂತಿರಲಿಲ್ಲ. ಹೊತ್ತಾಗುತ್ತಿತ್ತು. ಬಾಟಲಿಗಳನ್ನು ಒಂದೊಂದಾಗಿ ತೆಗೆದು ಕ್ಯಾನಿಗೆ ಸುರಿದೆ. ಸುರಿಯುವಾಗಲೇ ಅದರ ಅರ್ಧ ಉತ್ಸಾಹ ಮೇಲೆದ್ದು ಹೋಯಿತು.

ಮಧ್ಯಾಹ್ನ ಮಾಮಾ ಬಂದರು. ಊಟಕ್ಕೆ ಮುಂಚೆ ಮಾಳಿಗೆ ಹತ್ತಿದರು. ಪೆಟ್ಟಿಗೆಯನ್ನೂ, ಚೌಕಟ್ಟಿನ ಕುಂಕುಮವನ್ನೂ, ಎರಡು ನಳಗಳನ್ನೂ ನೋಡಿ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬಂದರು. ನಾನು ನಳ ತಿರುವಿ, ಗುಂಡಿ ಒತ್ತಿದೆ. ಗ್ಲಾಸಿನ ತುಂಬ ನೊರೆ. ಇನ್ನೊಂದು ಗ್ಲಾಸಿನ ತುಂಬ ನೊರೆ. ನಾವಿಬ್ಬರೂ ಆ ಗ್ಲಾಸುಗಳ ಎದುರು ಕೂತು ಕಾದೆವು. ಮೆಲ್ಲಗೆ ನೊರೆ ಇಳಿದು ತಳದಲ್ಲಿ ನಾಲ್ಕು ಬೆರಳು ಹಳದಿ ನೀರು ಉಳಿಯಿತು. ಹೀಗೆ ತುಂಬಿ, ಕಾಯ್ದು, ತುಂಬಿ, ಕೊನೆಗೆ ಒಂದು ಗ್ಲಾಸು ಬೀರು ಕೂಡಿಸಿ ಮಾಮಾನ ಕೈಗಿತ್ತೆ. ತಣ್ಣಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಮಾಮಾ ಕುಡಿದರು. ಅವರ ಮುಖ ಯಾವುದೋ ಪರಿಚಯದವರನ್ನು ಅಪರಿಚಿತ ಊರಿನಲ್ಲಿ ಕಂಡವರಂತಾಯಿತು.

"ಅಳಿಯಾ" ಅಂದರು ಸಣ್ಣ ದನಿಯಲ್ಲಿ. "ಇದಕ್ಕ ಒಗ್ಗರಣಿ ಯಾರು ಕೊಟ್ರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಅವ್ವನ ದನಿ ಬಂತು. ಅವಳು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಅದು ಕುಡಿಯುವಲ್ಲಿಗೆ ಅವಳು ಬರುವವಳಲ್ಲ. ಆದರೆ ವಾರವಿಡೀ ಮಗ ಒದ್ದಾಡಿದ್ದನ್ನು ನೋಡಿದ್ದಳು.

"ಅಳಿಯಂದ್ರ, ಹೆಂಗಾಗ್ಯಾದ್ರಿ?"

ಅವ್ವ ಅದರ ಬಗ್ಗೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಮಾಮಾ ಗ್ಲಾಸನ್ನು ನೋಡಿದರು, ನನ್ನನ್ನು ನೋಡಿದರು. ಗೆಲ್ಲುವ ಮಾತು ಅವರ ತುಟಿಯ ಮೇಲಿತ್ತು. ಅದನ್ನು ಹೇಳಿದರೆ ಯಾದಗಿರಿ ಮುಂದಿನ ಹತ್ತು ವರ್ಷ ನಿಶ್ಚಿಂತೆಯಿಂದ ಮಲಗಬಹುದಿತ್ತು. ಆದರೆ ಮದುವೆಯಾದಂದಿನಿಂದ ಅವರು ಅತ್ತೆಯ ಮನೆಯ ಯಾವ ಪದಾರ್ಥಕ್ಕೂ, ಉಪ್ಪಿಲ್ಲದ ಸಾರಿಗೂ ಸಹ, ಹೆಸರಿಟ್ಟು ಕೊಂಕು ತೆಗೆದವರಲ್ಲ. ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಕೆಳಗೆ ಕೇಳುವಂತೆ ಹೇಳಿದರು:

"ಭಾಳ ಛಲೋ ಆಗ್ಯಾದ್ರಿ ಅತ್ತಿ. ಯಾದಗಿರ್‌ದಾಗೂ ಹಿಂಗ ಸಿಗಂಗಿಲ್ಲ."

"ಹಂಗಾರ ಬಸು, ಮಾಮಾಗ ಇನ್ನೊಂದು ಗ್ಲಾಸ್ ಹಾಕಪ್ಪಾ" ಅಂದಳು ಅವ್ವ. ಅಲ್ಲೇ ನಿಂತಳು.

ಮಾಮಾನ ಆ ಹೊಗಳಿಕೆ ನಾನು ವಾರಗಟ್ಟಲೆ ಕಾದಿದ್ದ ಮಾತು. ಬಂದಾಗ ನನಗೆ ಅದನ್ನು ಎತ್ತಿಕೊಳ್ಳಲು ಧೈರ್ಯವಾಗಲಿಲ್ಲ. ಮಾಮಾ ಮತ್ತೆ ಕೂತು ಗ್ಲಾಸು ಮುಂದೆ ಮಾಡಿದರು, ಔಷಧಿಗೆ ಬಾಯಿ ತೆರೆಯುವ ಮಗುವಿನ ಹಾಗೆ. ನಾನು ಅರ್ಧ ಹಾಕಿ ನೊರೆಯಿಂದ ಮುಚ್ಚಬಹುದಿತ್ತು. ಅಷ್ಟು ಮಾಡಿದರೂ ಅವರ ಪಾಲಿಗೆ ಉಪಕಾರವಾಗುತ್ತಿತ್ತು. ಅದರ ಬದಲು ನನ್ನ ಗ್ಲಾಸನ್ನೂ ತುಂಬಿಕೊಂಡೆ. ಒಗ್ಗರಣೆಯ ಬೀರನ್ನು ನಾವಿಬ್ಬರೂ ಎದುರುಬದುರು ಕೂತು, ಮುಖ ಕಿವುಚದೆ, ತಳ ಕಾಣುವವರೆಗೆ ಕುಡಿದೆವು. ಅವ್ವ ಸಮಾಧಾನದಿಂದ ಒಳಗೆ ಹೋಗಿ ಊಟಕ್ಕೆ ತಟ್ಟೆ ಹಾಕುವ ಸದ್ದು ಕೇಳಿಸಿತು.

ಡೈರಿಯ ಆ ದಿನದ ಪುಟದಲ್ಲಿ ಗೆದ್ದವರು ಯಾರು ಎಂಬ ಜಾಗವನ್ನು ಇನ್ನೂ ಖಾಲಿ ಬಿಟ್ಟಿದ್ದೇನೆ. ನೆಂಟರಲ್ಲಿ ಸತ್ಯ ಹೇಳಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ. ಹೇಳಿದ ಸುಳ್ಳನ್ನು ಎರಡನೆಯ ಗ್ಲಾಸಿನವರೆಗೂ ಕುಡಿದು ತೀರಿಸುವವರು ಸಿಕ್ಕರೆ, ಅವರ ಊರಿಗೆ ರೈಲು ಬರುವುದು ನ್ಯಾಯವೇ ಅನ್ನಿಸುತ್ತದೆ.