ಕೆಮ್ಮಿನ ಗುಂಡಿ

ಈ ಬಗೆಯ ಬರಹವನ್ನು ನಿವೃತ್ತರು ಬರೆಯಬೇಕು. ಮೂವತ್ತೈದು ವರ್ಷ ಸೇವೆ, ಒಂದು ಶಾಲು, ಒಂದು ಗೋಡೆ ಗಡಿಯಾರ, ಆಮೇಲೆ ನೆನಪುಗಳು. ನನಗೆ ವಯಸ್ಸು ಇಪ್ಪತ್ತೆಂಟು, ಸೇವೆ ಮೂರು ವರ್ಷ, ಅದೂ ಗುತ್ತಿಗೆಯದು. ಶಾಲಿಗೆ ಇನ್ನೂ ಕುರಿಯೇ ಹುಟ್ಟಿಲ್ಲ. ಆದರೂ ಹೇಳಲೇಬೇಕಾದ ದಿನವೊಂದು ಬಂದುಹೋಗಿದೆ. ಶಾಲು ಬರುವವರೆಗೆ ಕಾದರೆ ಅದು ಇನ್ನಷ್ಟು ಕನಸಿನಂತಾಗಿ, ನಡೆದಿದ್ದು ಯಾವುದು, ನಾನು ಸೇರಿಸಿದ್ದು ಯಾವುದು ಎಂಬುದೇ ತಿಳಿಯದೆ ಹೋದೀತು.

ಹೋದ ವರ್ಷ ನಾನು ದೆಹಲಿಯಲ್ಲಿ, ಸಂಸತ್ತಿನ ಕನ್ನಡ ಬೂತಿನಲ್ಲಿದ್ದೆ. ಹುದ್ದೆ ಇಂಟರ್‌ಪ್ರಿಟರ್. ಸದಸ್ಯರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಿರುವಾಗಲೇ, ಅವರ ಬೆನ್ನಿಗೆ ಅರ್ಧ ವಾಕ್ಯದ ದೂರದಲ್ಲಿ ಅದನ್ನೇ ಕನ್ನಡದಲ್ಲಿ ಹೇಳುತ್ತಾ ಹೋಗುವ ಕೆಲಸ. ಒಂದು ಸರದಿಗೆ ಇಪ್ಪತ್ತು ನಿಮಿಷ; ಅದಕ್ಕಿಂತ ಹೆಚ್ಚಾದರೆ ಮಿದುಳು ಹಾಲಿನಂತೆ ಉಕ್ಕುತ್ತದೆ. ಮನೆಯಲ್ಲಿ ಯಾರು ಬೇಕಾದರೂ ಮೊಬೈಲಿನಲ್ಲಿ ಕಲಾಪ ನೋಡುತ್ತಾ ಕನ್ನಡ ಆರಿಸಿಕೊಂಡರೆ ನಮ್ಮ ದನಿ ಕೇಳುತ್ತದೆ.

ಇದಕ್ಕೂ ಮೊದಲು ನಾನು ಮಿಮಿಕ್ರಿಯವನು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಬಾಡಿಗೆ ಕೋಣೆಯಲ್ಲಿದ್ದುಕೊಂಡು ಎಂ.ಎ. ಓದುವಾಗ, ಸಂಜೆ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯ ಮುಂದೆ ಮೈಕು ಹಿಡಿದು ಗಿರಾಕಿಗಳನ್ನು ಕರೆಯುತ್ತಿದ್ದೆ. ತೆಲುಗಿನವರಿಗೆ ತೆಲುಗು, ಉರ್ದುವಿನವರಿಗೆ ಉರ್ದು. ಕೊಳ್ಳದೆ ಹೋದವರ ನಡಿಗೆಯನ್ನೂ ಅವರ ಬೆನ್ನ ಹಿಂದೆ ಮಾಡಿ ತೋರಿಸುತ್ತಿದ್ದೆ. ಅಧ್ಯಾಪಕರು, ಕಂಡಕ್ಟರು, ಕುಕ್ಕರು, ನಾಯಿ, ಯಾರನ್ನೂ ಬಿಟ್ಟಿಲ್ಲ. ಸಂದರ್ಶನದಲ್ಲಿ ನರ್ವಸ್ ಆಗಿ ಪ್ರಶ್ನೆ ಕೇಳಿದವರ ದನಿಯಲ್ಲೇ ಉತ್ತರ ಹೇಳಿದ್ದೆ. ಆದರೂ ತೆಗೆದುಕೊಂಡರು. ತೆಗೆದುಕೊಂಡವರು ಶಾಂತಲಾ ಮೇಡಂ, ನಮ್ಮ ಬೂತಿನ ಹಿರಿಯರು. ಮೊದಲ ದಿನವೇ ಒಂದು ನಿಯಮ ಕೊಟ್ಟರು.

"ಅರ್ಥ ಎತ್ತಿಕೋ, ದನಿ ಅಲ್ಲೇ ಬಿಡು. ನೀನು ಗಾಜು. ಗಾಜಿಗೆ ಬಣ್ಣ ಇರಬಾರದು."

ಎರಡನೆಯ ನಿಯಮ ಇನ್ನೂ ವಿಚಿತ್ರ. ಸದಸ್ಯರು "ನಾನು" ಎಂದರೆ ನಾವೂ "ನಾನು" ಎನ್ನಬೇಕು, "ಅವರು ಹೀಗೆ ಹೇಳುತ್ತಿದ್ದಾರೆ" ಎನ್ನುವಂತಿಲ್ಲ. ಹತ್ತು ನಿಮಿಷ "ನಾನು ಬೆಂಬಲಿಸುತ್ತೇನೆ", ಮುಂದಿನ ಹತ್ತು ನಿಮಿಷ "ನಾನು ಕಟುವಾಗಿ ವಿರೋಧಿಸುತ್ತೇನೆ". ಕುರುಗೋಡಿನ ಬಸ್ ನಿಲ್ದಾಣದ ಬಳಿ ಮಿರ್ಚಿ ಕರಿಯುವ ನಮ್ಮ ಸೋದರಮಾವ ಒಂದು ದಿನ ಕೇಳಿ ಫೋನು ಮಾಡಿದ್ದ.

"ಲೇ ಈರ್‍ಯಾ, ಬೆಳಗ್ಗಿಂದ ಎಣಿಸೀನಿ, ನಾಕು ಪಾರ್ಟಿ ಬದಲು ಮಾಡಿದೆಲ್ಲೋ! ನಮ್ಮ ವಂಶದಾಗ ಇಂಥಾವ ಹುಟ್ಟಿದ್ದಿಲ್ಲ."

"ಮಾವಾ, ಅದು ನಾನಲ್ಲ. ಅವರ 'ನಾನು'."

"ಮತ್ತ ನಿಂದು ಎಲ್ಲೈತಿ?"

ಅವನ ದನಿಯಲ್ಲೇ "ಎರಡು ಪ್ಲೇಟು ಕಟ್ಟು" ಎಂದು ಹೇಳಿ ಫೋನಿಟ್ಟೆ.

ಬೂತಿನ ಮೇಜಿನ ಮೇಲೆ ಒಂದು ಚಿಕ್ಕ ಗುಂಡಿ ಇರುತ್ತದೆ. ಕಾಫ್ ಬಟನ್, ಕೆಮ್ಮಿನ ಗುಂಡಿ. ಕೆಮ್ಮು ಬಂದರೆ ಅದನ್ನು ಒತ್ತಿ ಹಿಡಿಯಬೇಕು. ಮೈಕು ಕಿವುಡಾಗುತ್ತದೆ, ದೇಶಕ್ಕೆ ನಮ್ಮ ಕೆಮ್ಮು ಕೇಳುವುದಿಲ್ಲ. ಅದನ್ನು ಮೊದಲ ಸಲ ನೋಡಿದಾಗ, ಇಂಥದ್ದೊಂದನ್ನು ಅವ್ವನಿಗೆ ಒಯ್ದು ಕೊಡಬೇಕು ಅನ್ನಿಸಿತ್ತು.

ಅವ್ವ ಹುಲಿಗೆಮ್ಮ, ಸಿರುಗುಪ್ಪದ ಒಂದು ರೈಸ್‌ಮಿಲ್ಲಿನಲ್ಲಿ ತೌಡು ಜರಡಿ ಹಿಡಿಯುವ ಹೆಂಗಸರಲ್ಲಿ ಒಬ್ಬಳು. ಅಪ್ಪ ನಾನು ನಡೆಯುವುದನ್ನು ಕಲಿಯುವ ಮೊದಲೇ ತೀರಿಕೊಂಡಿದ್ದ. ಅವ್ವನಿಗೆ ಕೆಮ್ಮಿತ್ತು. ಅದು ಮನೆಯೊಳಗೆ ಮಾತ್ರ ಇತ್ತು. ಮಿಲ್ಲಿನಲ್ಲಿ ಇರಕೂಡದು, ಏಕೆಂದರೆ ಕೆಮ್ಮುವವರನ್ನು ಮೇಸ್ತ್ರಿ "ಎರಡು ದಿನ ಮನ್ಯಾಗಿರು" ಎಂದು ಕಳಿಸುತ್ತಿದ್ದ. ಆ ಎರಡು ದಿನ ಯಾರಿಗೂ ಮುಗಿದದ್ದಿಲ್ಲ. ಅದಕ್ಕೇ ಅವಳು ಕೆಮ್ಮು ಬಂದರೆ ಹೊಟ್ಟಿನ ರಾಶಿಯ ಹಿಂದೆ ಹೋಗಿ ಮುಗಿಸಿ ಬರುತ್ತಿದ್ದಳು.

ಆ ಅಧಿವೇಶನದಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಬಗೆಗಿನ ವಿಧೇಯಕವೊಂದು ಚರ್ಚೆಗೆ ಬಂತು. ಅದರ ಕೊನೆಗೆ ಒಂದು ಪಟ್ಟಿ. ಪಟ್ಟಿಯಲ್ಲಿದ್ದ ಕಾಯಿಲೆಗೆ ಚಿಕಿತ್ಸೆ, ಪರಿಹಾರ, ಇಲ್ಲದ್ದಕ್ಕೆ ಇಲ್ಲ. ಧಾನ್ಯದ ದೂಳಿನಿಂದ ಬರುವ ಎದೆಯ ಕಾಯಿಲೆಯನ್ನು ಪಟ್ಟಿಗೆ ಸೇರಿಸಬೇಕೆಂದು ಒಬ್ಬ ಸದಸ್ಯೆ ತಿದ್ದುಪಡಿ ಕೊಟ್ಟಿದ್ದರು. ಹಿಂದಿನ ಸಂಜೆ ನಾನು ಅವ್ವನಿಗೆ ಫೋನಿನಲ್ಲಿ ಜಂಬ ಕೊಚ್ಚಿದೆ.

"ಯವ್ವಾ, ನಾಳೆ ನಿಮ್ಮ ತೌಡಿನ ಮಾತು ಪಾರ್ಲಿಮೆಂಟಿನಾಗ. ಹೇಳಾವ ನಾನು. ಎಲ್ಲಾರಿಗೂ ಕೇಳಸು."

"ನಮ್ಮ ತೌಡ? ಅಲ್ಲೀತನಾ ಹಾರೈತೇನ?" ಎಂದು ನಕ್ಕಳು. ನಗು ಕೆಮ್ಮಾಯಿತು.

ಮರುದಿನ ಸದನ ಊಟದ ಬಿಡುವನ್ನು ಕೈಬಿಟ್ಟು ಚರ್ಚೆ ಮುಂದುವರಿಸಿತು. ನಮ್ಮ ಬೂತಿನ ಗಾಜಿನ ಹಿಂದಿನಿಂದ ನೋಡಿದರೆ ಸದನ ಮೀನಿನ ತೊಟ್ಟಿಯಂತೆ ಕಾಣುತ್ತದೆ. ಬಾಯಿಗಳು ತೆರೆಯುತ್ತವೆ, ಮುಚ್ಚುತ್ತವೆ, ಕೈಗಳು ನೀರಿನಲ್ಲಿ ತೇಲಿದಂತೆ ಏಳುತ್ತವೆ. ದನಿ ಮಾತ್ರ ನಮ್ಮ ಕಿವಿಯೊಳಗೇ ಹುಟ್ಟುತ್ತದೆ. ಸ್ವಲ್ಪ ಹೊತ್ತು ಕಳೆದರೆ ಮಾತಾಡುತ್ತಿರುವುದು ಅವರೋ ನಾನೋ ಎಂಬ ಎಣಿಕೆ ತಪ್ಪುತ್ತದೆ. ನನ್ನ ಸರದಿಯಲ್ಲೇ ಆ ಸದಸ್ಯೆ ಎದ್ದು ನಿಂತರು. ಹಿಂದಿಯಲ್ಲಿ, ಅವಸರವಿಲ್ಲದೆ ಮಾತಾಡಿದರು.

"ನಾನು ಗಿರಣಿಗಳಿಗೆ ಹೋಗಿದ್ದೇನೆ," ಎಂದೆ ನಾನು, ಅವರಾಗಿ. "ಜರಡಿ ಆಡಿಸುವಾಗ ಬಿಸಿಲಿನ ಕೋಲಿನಲ್ಲಿ ತೌಡು ಚಿನ್ನದ ಪುಡಿಯಂತೆ ತೇಲುತ್ತದೆ. ನೋಡಲು ಚಂದ. ಅದರ ಕೆಳಗೆ ಒಬ್ಬಳು ಕುಳಿತಿರುತ್ತಾಳೆ. ಮಾತಾಡಿಸಿದರೆ ನಗುತ್ತಾಳೆ. ನಕ್ಕ ಮೇಲೆ ಅವಳಿಗೆ..."

ಅಲ್ಲಿ ಅವರು ನಿಂತರು. ಲೋಟ ಎತ್ತಿ ನೀರು ಕುಡಿದರು. ನನ್ನ ಕಿವಿಯೊಳಗೆ ಖಾಲಿ. ಆ ಖಾಲಿಯಲ್ಲಿ ಸಿರುಗುಪ್ಪದ ನಮ್ಮ ಮನೆಯ ಗೋಡೆ ಕಂಡಿತು, ಗೋಡೆಯ ಮೇಲಿನ ಬುದ್ಧನ ಪಟ, ಗೋಡೆಯಾಚೆ ಅವ್ವ. ನಾನು ಕೆಮ್ಮಿದೆ. ನನ್ನ ಕೆಮ್ಮಲ್ಲ. ಎರಡು ಗಿಡ್ಡ, ಒಂದು ತಡೆ, ಆಮೇಲೆ ಕೊಡದ ತಳದಲ್ಲಿ ಹರಳು ಉರುಳಿದಂತೆ ಒಂದು ಉದ್ದ. ಕೊನೆಗೆ "ಹ್ಞಾ" ಎಂಬ ಉಸಿರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹುಲಿಗೆಮ್ಮನ ಕೆಮ್ಮು. ಗುಂಡಿ ಬೆರಳಿಗೆ ಎರಡು ಅಂಗುಲ ದೂರದಲ್ಲಿತ್ತು. ಒತ್ತಲಿಲ್ಲ. ಒತ್ತಬೇಕೆಂದು ಹೊಳೆಯಲೇ ಇಲ್ಲ. ಅದು ಕೆಮ್ಮು ಎಂದಲ್ಲ, ವಾಕ್ಯದ ಉಳಿದರ್ಧ ಎಂದೇ ನನ್ನ ಬಾಯಿ ತಿಳಿದಿತ್ತು.

ಪಕ್ಕದಲ್ಲಿ ಕುಳಿತಿದ್ದ ಮೇಡಂ ತಿರುಗಿ ನೋಡಿದರು. ಅಷ್ಟರಲ್ಲಿ ಮಂತ್ರಿಗಳು ಉತ್ತರಕ್ಕೆ ಎದ್ದಿದ್ದರು. ಈಗ ಅವರ "ನಾನು" ಆಗಬೇಕು.

"ನನಗೆ ಆ ಹೆಂಗಸರ ಮೇಲೆ ಗೌರವವಿದೆ. ಆದರೆ ಕೆಮ್ಮು ದೂಳಿನದೇ ಎನ್ನಲು ದಾಖಲೆ ಎಲ್ಲಿ? ಆಸ್ಪತ್ರೆಯಲ್ಲಿ ಎಷ್ಟು ದಿನದಿಂದ ಎಂದು ಕೇಳಿದರೆ ನಾಲ್ಕು ದಿನ ಎನ್ನುತ್ತಾರೆ. ದಾಖಲೆ ಇಲ್ಲದ್ದನ್ನು ನಾನು ಪಟ್ಟಿಗೆ ಸೇರಿಸಲಾರೆ."

ಅವರ ಮೂಗಿನ ದನಿ, ವಾಕ್ಯದ ಕೊನೆಗೆ ಪೆನ್ನಿನಿಂದ ಮೇಜು ಕುಟ್ಟುವ ಅಭ್ಯಾಸ, ಎಲ್ಲ ನನ್ನ ಗಂಟಲವರೆಗೂ ಬಂದು ನಿಂತಿದ್ದವು. ಸ್ವಲ್ಪ ಬಿಟ್ಟಿದ್ದರೆ ಇಡೀ ಬಳ್ಳಾರಿ ಜಿಲ್ಲೆಯನ್ನು ನಗಿಸುತ್ತಿದ್ದೆ. ಬಿಡಲಿಲ್ಲ. ಗಾಜಿನಂತೆ ಹೇಳಿದೆ: ನಾನು ಸೇರಿಸಲಾರೆ. ಅವ್ವ ಕೇಳುತ್ತಿರುತ್ತಾಳೆ ಎಂದು ಗೊತ್ತಿದ್ದೂ, ನನ್ನದೇ ದನಿಯಲ್ಲಿ.

ಮೊದಲು ಬಾಯಿಮಾತಿನ ಮತ. ಹೌದು ಎನ್ನುವವರು ಕೂಗಿದರು, ಇಲ್ಲ ಎನ್ನುವವರು ಕೂಗಿದರು. ಇಲ್ಲ ಎನ್ನುವವರದೇ ಮೇಲುಗೈ ಎಂದಿತು ಸಭಾಧ್ಯಕ್ಷರ ಪೀಠ. ಸದಸ್ಯೆ ಒಪ್ಪದೆ ಡಿವಿಷನ್ ಕೇಳಿದರು, ಅಂದರೆ ಒಬ್ಬೊಬ್ಬರ ಮತವೂ ಎಣಿಕೆಯಾಗಬೇಕು. ಆಗ ಗಂಟೆ ಮೊಳಗುತ್ತದೆ, ಮೂರೂವರೆ ನಿಮಿಷ. ಎಲ್ಲೆಲ್ಲೋ ಇರುವ ಸದಸ್ಯರು ಬಂದು ಸೇರಲಿ ಎಂದು. ಆಮೇಲೆ ಬಾಗಿಲು ಮುಚ್ಚುತ್ತಾರೆ.

ಆ ಮೂರೂವರೆ ನಿಮಿಷ ನಮಗೆ ಕೆಲಸವಿಲ್ಲ. ಗಂಟೆಗೆ ಭಾಷಾಂತರವಿಲ್ಲ. ನಾನು ಕಣ್ಣು ಮುಚ್ಚಿದೆ. ಗಂಟೆಯ ಸದ್ದು ಮೆಲ್ಲಗೆ ಮಿಲ್ಲಿನ ಸದ್ದಾಯಿತು. ಸಭಾಂಗಣದ ಹಸಿರು ನೆಲಹಾಸು ಕಾಲುವೆಯ ಕೆಳಗಿನ ಭತ್ತದ ಗದ್ದೆಯಾಗಿ ಅಲುಗಿತು. ಸದಸ್ಯರು ಓಡೋಡಿ ಬರುತ್ತಿದ್ದರು, ತಲೆಯ ಮೇಲೆ ತೌಡಿನ ಪುಡಿ, ರೆಪ್ಪೆಯ ಮೇಲೆ ತೌಡು. ಮೇಲಿನಿಂದ ಬೆಳಕಿನ ಕೋಲು, ಅದರಲ್ಲಿ ಚಿನ್ನ. ಎಲ್ಲರ ನಡುವೆ ಅವ್ವ ಜರಡಿ ಹಿಡಿದು ಕುಳಿತು, ಯಾರನ್ನೂ ನೋಡದೆ, ಅತ್ತ ಇತ್ತ, ಅತ್ತ ಇತ್ತ. ಗಂಟೆ ನಿಂತಿತು. ಬಾಗಿಲು ಮುಚ್ಚಿತು. ಹಸಿರು ಗುಂಡಿ ಹೌದು, ಕೆಂಪು ಇಲ್ಲ, ಹಳದಿ ಎರಡೂ ಅಲ್ಲ. ಗೋಡೆಯ ಫಲಕದ ಮೇಲೆ ಅಂಕಿಗಳು ಮೂಡಿದವು. ಅವನ್ನು ನಾನೇ ಓದಿ ಹೇಳಿದೆ. ಇವತ್ತು ಒಂದೂ ನೆನಪಿಲ್ಲ. ಕೆಂಪು ಹೆಚ್ಚಿತ್ತು ಎಂಬುದಷ್ಟೇ ನೆನಪಿದೆ.

"ತಿದ್ದುಪಡಿ ತಿರಸ್ಕೃತವಾಗಿದೆ," ಎಂದೆ.

ಸರದಿ ಮುಗಿದ ಮೇಲೆ ಮೇಡಂ ಹೊರಗೆ ಕರೆದರು. "ಸದಸ್ಯರು ಕೆಮ್ಮಲಿಲ್ಲ. ನೀನು ಸೇರಿಸಿದೆ. ಬಿಡೋದು ಎಷ್ಟು ತಪ್ಪೋ ಸೇರಿಸೋದೂ ಅಷ್ಟೇ ತಪ್ಪು. ಯಾರದ್ದು ಅದು?"

"ನಮ್ಮವ್ವಂದು, ಮೇಡಂ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ವಾರ್ನಿಂಗ್ ಬರೆದು ಕೊಡಬೇಕಾಗುತ್ತೆ. ಕೊಡ್ತೀನಿ. ರಜಾ ಬೇಕಾದ್ರೆ ಅದನ್ನೂ ಬರೆದುಕೊಡು."

ರಜೆ ಯಾಕೆ ಎಂದು ನನಗೆ ಅರ್ಥವಾದದ್ದು ನಾಲ್ಕು ದಿನದ ಮೇಲೆ. ಅಷ್ಟು ದಿನ ಅವ್ವ ಫೋನೆತ್ತಲಿಲ್ಲ. ಕೊನೆಗೆ ಮಾವನೇ ಕರೆ ಮಾಡಿದ.

"ಲೇ, ಊಟದ ಹೊತ್ತಿನ್ಯಾಗ ಹೆಂಗಸರೆಲ್ಲ ಒಂದು ಫೋನಿನ ಸುತ್ತ ಕುಂತಿದ್ದರಂತ. ನೀ ಕೆಮ್ಮಿದಿ ನೋಡು, ಎಲ್ಲಾರ ಕಣ್ಣೂ ನಮ್ಮಕ್ಕನ ಮ್ಯಾಗ. ಹಿಂದ ಮೇಸ್ತ್ರಿ ನಿಂತಿದ್ದ. 'ಏ ಹುಲಿಗೆಮ್ಮಾ, ಇದು ನಿನ್ನ ಮಗ ಕಲ್ತಿದ್ದು ಯಾರ ಕಡಿಂದ?' ಅಂದನಂತ. ಎರಡು ದಿನ ಮನ್ಯಾಗಿರು ಅಂದಾನ."

ಬ್ರೂಸ್‌ಪೇಟೆಯಲ್ಲಿ ಊರನ್ನೆಲ್ಲ ಅಣಕಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಒಬ್ಬಳದನ್ನು ಮಾತ್ರ ಎಂದೂ ಮಾಡಿರಲಿಲ್ಲ. ಮಾಡಿದ ಒಂದೇ ಸಲಕ್ಕೆ ಅವಳ ಕೆಲಸ ಹೋಯಿತು.

ಬಳ್ಳಾರಿಗೆ ರೈಲು, ಸಿರುಗುಪ್ಪಕ್ಕೆ ಬಸ್ಸು. ನಡುಮಧ್ಯಾಹ್ನ ಅವ್ವ ಮನೆಯಲ್ಲಿದ್ದಳು. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಉಜ್ಜಿದ ಪಾತ್ರೆಗಳನ್ನೇ ಮತ್ತೆ ಉಜ್ಜುತ್ತಿದ್ದಳು.

"ಬಂದೇನಪಾ ಪಾರ್ಲಿಮೆಂಟು," ಎಂದಳು. ಇನ್ನೊಂದು ತಟ್ಟೆ ಎತ್ತಿಕೊಂಡು, "ಎಲ್ಲಾರ ದನಿ ಮಾಡ್ತಿದ್ದಿ. ನಂದು ಯಾವಾಗ ಕಲ್ತಿ?"

"ಕಲೀಲಿಲ್ಲ ಯವ್ವಾ. ಗೋಡಿ ಆಚಿಂದ ಕೇಳಿ ಕೇಳಿ ಬಂತು."

"ಛೊಲೊ ಮಾಡಿದಿ. ಮೇಸ್ತ್ರಿ ಮನಿಗೆ ಕಳಿಸ್ಯಾನ, ನೀನು ಇಲ್ಲ ಅಂದಿ. 'ನಾನು ಸೇರಿಸಲಾರೆ' ಅಂದಿ. ನನ್ನ ಕಿವೀಲೆ ಕೇಳೀನಿ."

ಅದು ಮಂತ್ರಿಯ "ನಾನು" ಎಂದು ವಿವರಿಸುವ ಬದಲು, ಅವಳು ಉಜ್ಜಿಟ್ಟ ಪಾತ್ರೆಗಳನ್ನು ತೊಳೆಯತೊಡಗಿದೆ.

ಮರುದಿನ ಅವಳನ್ನು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ನನ್ನ ವಯಸ್ಸಿನವರೇ, ಸರದಿ ಉದ್ದವಿದ್ದರೂ ಮುಖ ಗಂಟಿಕ್ಕಿಕೊಳ್ಳದ ಹೆಣ್ಣುಮಗಳು. ಕೇಸ್ ಶೀಟಿನ ಮೇಲೆ ಪೆನ್ನಿಟ್ಟು ಕೇಳಿದರು. "ಕೆಮ್ಮು ಎಷ್ಟು ದಿನದಿಂದ ಐತಮ್ಮಾ?"

"ನಾಕು ದಿನ ಆತ್ರಿ," ಎಂದಳು ಅವ್ವ.

ಮೂಗಿನ ದನಿಯೊಂದು ನನ್ನ ಕಿವಿಯೊಳಗೆ ಪೆನ್ನು ಕುಟ್ಟಿತು: ದಾಖಲೆ ಎಲ್ಲಿ?

"ಡಾಕ್ಟ್ರೇ, ಒಂದು ನಿಮಿಷ," ಎಂದೆ. "ಇದು ಹೋದ ವಾರದ್ದು." ಕೆಮ್ಮಿ ತೋರಿಸಿದೆ: ಎರಡು ಗಿಡ್ಡ, ತಡೆ, ಹರಳು ಉರುಳುವ ಉದ್ದ. "ಇದು ನಾನು ಎಂ.ಎ. ಸೇರಿದ ವರ್ಷದ್ದು." ಅದರಲ್ಲಿ ಹರಳಿರಲಿಲ್ಲ, ತಡೆ ಇತ್ತು. "ಇದು ನಾನು ಏಳನೇ ಕ್ಲಾಸು." ಒಣ ಕೆಮ್ಮು, ಬರಿಯ ಎರಡು, ಬಾಗಿಲು ತಟ್ಟಿದ ಹಾಗೆ.

ಹೊರಗಿನ ಸರದಿಯಲ್ಲಿ ಯಾರೋ ನಕ್ಕರು. ಡಾಕ್ಟರು ನಗಲಿಲ್ಲ. ಸ್ಟೆತಾಸ್ಕೋಪನ್ನು ಅವ್ವನ ಬೆನ್ನಿಗಿಟ್ಟು ಕೇಳಿದರು, ನನ್ನತ್ತ ನೋಡಿದರು, "ಮೂರನೇದು ಇನ್ನೊಂದ್ಸಲ ಮಾಡ್ರಿ" ಎಂದರು. ಮಾಡಿದೆ. "ಅಮ್ಮಾ, ಇವರು ಮಾಡಿದ್ದು ಖರೇನಾ?"

ಅವ್ವ ನನ್ನನ್ನು ನೋಡಿದಳು. ತಪ್ಪು ಲೆಕ್ಕ ಒಪ್ಪಿಸಿದ ಮಗನನ್ನು ನೋಡುವಂತೆ.

"ಖರೆ ಐತ್ರಿ. ಆದರ ಮೊದಲಿನದು ಬಿಟ್ಟಾನ. ಅದು ಇವಗ ಗೊತ್ತಿಲ್ರಿ. ಆಗ ಇವ ಎರಡು ವರ್ಷದ ಕೂಸು, ಬಗಲಾಗ ಮಕ್ಕೊಂಡಿರತಿದ್ದ. ಏಳಬಾರದಂತ ಬಾಯಾಗ ಸೆರಗು ತುರುಕ್ಕೊಂಡು ಕೆಮ್ಮತಿದ್ದೆ."

ದೆಹಲಿಯಿಂದ ಗುಂಡಿ ಒಯ್ದು ಕೊಡಬೇಕೆಂದಿದ್ದೆ. ಅದು ಅವಳ ಬಳಿ ಮೊದಲಿನಿಂದಲೂ ಇತ್ತು.

ಆ ಕೇಸ್ ಶೀಟು ಮುಂದೆ ಏನು ಮಾಡಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾನೂನನ್ನು ಅದು ಅಲುಗಿಸಲಿಲ್ಲ. ಪಟ್ಟಿ ಹಾಗೆಯೇ ಇದೆ. ಆದರೆ ಸಹಿ, ಮೊಹರು ನೋಡಿ ಮೇಸ್ತ್ರಿ ಅವ್ವನನ್ನು ಜರಡಿಯಿಂದ ತೆಗೆದು ಅಂಗಳದಲ್ಲಿ ಚೀಲದ ಬಾಯಿ ಹೊಲಿಯಲು ಕೂರಿಸಿದ. "ದೂಳು ಅಲ್ಲೂ ಐತಿ, ಗಾಳೀನೂ ಐತಿ," ಎನ್ನುತ್ತಾಳೆ. ಅವಳ ಹಿಂದೆಯೇ ಮತ್ತೆ ಮೂವರು ಹೆಂಗಸರು ಬಳ್ಳಾರಿಯ ಬಸ್ಸು ಹತ್ತಿದರು, ನಾಲ್ಕು ದಿನ ಎಂದು ಹೇಳಬಾರದೆಂದು ದಾರಿಯುದ್ದಕ್ಕೂ ಅವಳಿಂದ ಪಾಠ ಹೇಳಿಸಿಕೊಂಡು. ನಾನು ಬೂತಿಗೆ ಮರಳಿದೆ. ಈಗಲೂ ಗಾಜೇ. ಗುಂಡಿ ಒತ್ತುವುದನ್ನು ಮರೆಯುವುದಿಲ್ಲ. ಆದರೆ ಯಾರಾದರೂ ಮಾತು ನಿಲ್ಲಿಸಿ ನೀರು ಕುಡಿದರೆ, ಆ ಖಾಲಿಯನ್ನು ಮಾತಿನಷ್ಟೇ ಗಮನವಿಟ್ಟು ಕೇಳುತ್ತೇನೆ. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಡಾಕ್ಟರು ಅಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರು. ಅವ್ವ ಕಾಗದದ ಮೇಲೆ ಬಗ್ಗಿ, "ಏನ್ ಬರದಾರ, ಓದು" ಎಂದು, ಕೆಮ್ಮು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಲ್ಲಿದ್ದದ್ದು "ರೋಗಿ ಹೇಳುತ್ತಾರೆ" ಎಂದು. ನನಗೆ ಹಾಗೆ ಓದಲು ಬರುವುದಿಲ್ಲ, ಅಭ್ಯಾಸ ತಪ್ಪಿಹೋಗಿದೆ. ಗಾಜಿನಂತೆ, ಅರ್ಧ ಸಾಲಿನ ದೂರದಲ್ಲಿ, ಓದಿದೆ.

"ನಾನು ಇಪ್ಪತ್ತೈದು ವರ್ಷಗಳಿಂದ ಅಕ್ಕಿ ಗಿರಣಿಯ ದೂಳಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನನಗೆ ಅಷ್ಟೇ ವರ್ಷಗಳಿಂದ ಕೆಮ್ಮು ಇದೆ."

ಅವ್ವ ಸೆರಗನ್ನು ಬಾಯಿಂದ ತೆಗೆದಳು.

"ಹೌದು," ಎಂದಳು.